ಎಂಜಿ ಬಿಲ್ಲೆ ಮತ್ತು ಬಿಡದಿಯ ಕಾರ್ಖಾನೆ

ತಟ್ಟೆ ಇಡ್ಲಿಗೆಂದು ಬಿಡದಿಯಲ್ಲಿ ನಿಲ್ಲುವ ಕಾರುಗಳ ನಡುವೆ ಈಗ ಎಂಜಿ ಬಿಲ್ಲೆಯವೂ ಕಾಣುತ್ತವೆ. ಎಂಟು ಮೂಲೆಯ ಆ ಬಿಲ್ಲೆ ಒಂದು ಕಾಲಕ್ಕೆ ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಸಣ್ಣ ಊರಿನ ಹೆಮ್ಮೆ. 1962ರಲ್ಲಿ ಅಲ್ಲಿಂದ ಹೊರಬಂದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು 18 ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಅದರಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. 1.8 ಲೀಟರಿನ ಎಂಜಿನ್ ಕಂಪನಿಯ ಮಾಮೂಲಿ ಕಾರುಗಳ ಎಂಜಿನ್‌ನಿಂದಲೇ ಬೆಳೆದದ್ದು. ಜಾಣತನ ಇದ್ದದ್ದು ಬಾಡಿಯಲ್ಲಿ. ಪ್ರತ್ಯೇಕ ಚಾಸಿ ಬಿಟ್ಟು, ಬಾಡಿಯೇ ಭಾರ ಹೊರುವ ಮೊನೊಕಾಕ್ ಮಾಡಿದರು. ಆಮೇಲೆ ಅಲ್ಲೇ ನಿಂತುಬಿಟ್ಟರು. 1974ರಲ್ಲಿ ಅಮೆರಿಕದ ನಿಯಮಕ್ಕೆ ತಲೆಬಾಗಿ ರಬ್ಬರ್ ಬಂಪರ್ ಹಾಕಿ ಕಾರನ್ನು ಎತ್ತರಿಸಿದಾಗ ತಿರುವಿನಲ್ಲಿದ್ದ ಹಿಡಿತವೂ ಹೋಯಿತು. ಬದಲಿ ಮಾದರಿ ಬರಲಿಲ್ಲ. 1980ರ ಅಕ್ಟೋಬರ್‌ನಲ್ಲಿ ಕಾರ್ಖಾನೆ ಮುಚ್ಚಿತು. ಬಿಲ್ಲೆ ಮಾತ್ರ ಉಳಿದು, ಚೀನಾದ ಸೈಕ್ ಕಂಪನಿಯ ಕೈ ಸೇರಿ, ಇಂದು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಕಾರುಗಳ ಮೂತಿಯ ಮೇಲಿದೆ.

ನಮ್ಮೂರಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟೊಯೊಟಾ ಕಿರ್ಲೋಸ್ಕರ್ 2000ದಲ್ಲಿ ಬಿಡದಿಯಿಂದ ಹೊರತಂದ ಕ್ವಾಲಿಸ್, ಇಂಡೊನೇಷ್ಯಾದ ಕಿಜಾಂಗ್ ಗಾಡಿಯ ರೂಪಾಂತರ. 2005ರಲ್ಲಿ ಇನ್ನೋವಾ ಬಂತು. ಎರಡಕ್ಕೂ ಲಾರಿಯಂತೆ ಚಾಸಿ, ಡೀಸೆಲ್ ಎಂಜಿನ್. ಚೆನ್ನಾಗಿಯೇ ಓಡಿತು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಹಾಗೂ ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ತಡೆದಾಗ ಪೆಟ್ಟು ಬಿದ್ದದ್ದು ಬಿಡದಿಗೂ. ಎಂಟು ತಿಂಗಳ ನಂತರ ಶೇ 1ರ ಹಸಿರು ಶುಲ್ಕದೊಂದಿಗೆ ನಿಷೇಧ ತೆರವಾಯಿತು, ಅಷ್ಟರಲ್ಲಿ ಪೆಟ್ರೋಲ್ ಇನ್ನೋವಾ ಸಿದ್ಧವಾಗಿತ್ತು.

2022ರ ನವೆಂಬರ್‌ನಲ್ಲಿ ಅನಾವರಣಗೊಂಡ ಹೈಕ್ರಾಸ್‌ನಲ್ಲಿ ಚಾಸಿಯೂ ಇಲ್ಲ, ಡೀಸೆಲ್ಲೂ ಇಲ್ಲ. ಮೊನೊಕಾಕ್ ಬಾಡಿ, ಮುಂದಿನ ಚಕ್ರಗಳಿಗೆ ಶಕ್ತಿ, 2 ಲೀಟರ್ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು. ಎಂಜಿಬಿ 1962ರಲ್ಲಿ ಬಿಟ್ಟ ಚಾಸಿಯನ್ನು ಇನ್ನೋವಾ ಬಿಡಲು 60 ವರ್ಷ ಬೇಕಾಯಿತು ಎಂದು ನಗಬಹುದು. ಆದರೆ ನಮ್ಮ ರಸ್ತೆಗೆ, ಎಂಟು ಜನರ ಭಾರಕ್ಕೆ ಚಾಸಿಯೇ ಸರಿ ಎಂದು ಟ್ಯಾಕ್ಸಿಯವರು ಈಗಲೂ ವಾದಿಸುತ್ತಾರೆ, ಅದರಲ್ಲಿ ಹುರುಳಿದೆ. ಕಂಪನಿ ಹೇಳಿಕೊಂಡ ಮೈಲೇಜು ಲೀಟರಿಗೆ 23.24 ಕಿ.ಮೀ. ಇಷ್ಟಾದರೂ ಇಂಥ ಹೈಬ್ರಿಡ್‌ಗೆ ಜಿಎಸ್‌ಟಿ ಶೇ 40, ಪೂರ್ಣ ವಿದ್ಯುತ್ ಕಾರಿಗೆ ಶೇ 5. ತೆರಿಗೆಯ ಈ ಅಂತರ ಬಿಡದಿಯ ಉದ್ಯೋಗದ ಲೆಕ್ಕವೂ ಹೌದು.

2023ರ ನವೆಂಬರ್‌ನಲ್ಲಿ ಕಂಪನಿ ರಾಜ್ಯ ಸರ್ಕಾರದೊಂದಿಗೆ ಸುಮಾರು 3,300 ಕೋಟಿ ರೂಪಾಯಿಯ ಮೂರನೇ ಘಟಕದ ಒಪ್ಪಂದ ಮಾಡಿಕೊಂಡಿತು: ವರ್ಷಕ್ಕೆ 1 ಲಕ್ಷ ಕಾರು, ಸುಮಾರು 2,000 ಉದ್ಯೋಗ. ಊರಲ್ಲಿ ಸಂಭ್ರಮ. ಎಂಟು ತಿಂಗಳಲ್ಲೇ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ ಸುಮಾರು 20,000 ಕೋಟಿಯ ಹೊಸ ಕಾರ್ಖಾನೆಗೂ ಒಪ್ಪಂದವಾಯಿತು. ಕಂಪನಿಯನ್ನು ದೂರುವಂತಿಲ್ಲ, ಅದು ಲಾಭ ನೋಡಿ ಹೋಗುತ್ತದೆ.

ನನ್ನ ತಕರಾರು ನಮ್ಮ ಬಗ್ಗೆ. ಎಷ್ಟು ಕೆಲಸ ಎಂದು ಎಲ್ಲರೂ ಕೇಳಿದೆವು, ಎಂಥ ಕೆಲಸ ಎಂದು ಕೇಳಲಿಲ್ಲ. ವೆಲ್ಡಿಂಗ್, ಪೇಂಟಿಂಗ್, ಜೋಡಣೆ ಕಲಿತವರು ನಮ್ಮಲ್ಲಿದ್ದಾರೆ. 2007ರಿಂದ ಇಲ್ಲೇ ಇರುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಅದನ್ನೂ ಮೆಕಾಟ್ರಾನಿಕ್ಸನ್ನೂ ಕಲಿಸುತ್ತಿದೆ. ಆದರೆ ಮುಂದಿನ ಮಾದರಿಯನ್ನು ರೂಪಿಸುವ, ಪರೀಕ್ಷಿಸುವ ಮೇಜುಗಳಲ್ಲಿ ಎಷ್ಟು ಬಿಡದಿಗೆ ಬರುತ್ತವೆ ಎಂಬುದನ್ನು ಮೂರನೇ ಘಟಕದ ಮಾತುಕತೆ ವೇಳೆಯೇ ರಾಮನಗರದ ಡಿಪ್ಲೊಮಾ ವಿದ್ಯಾರ್ಥಿಗಳೂ ಶಾಸಕರೂ ಕೇಳಬಹುದಿತ್ತು. ಸಂಭಾಜಿನಗರದವರು ಅದನ್ನು ನಮಗಿಂತ ಮೊದಲು ಕೇಳಿದರೆ ಆಶ್ಚರ್ಯವಿಲ್ಲ.