ಸ್ಪ್ರಿಂಗಿಗೆ ತಕ್ಕ ಅವಮಂದಕ

ಮೋಟಾರು ವಾಹನದ ಅಂಗಗಳಲ್ಲಿ ತನ್ನ ಹೆಸರಿನಿಂದಲೇ ಜನರನ್ನು ದಾರಿ ತಪ್ಪಿಸಿರುವುದು ಒಂದಿದ್ದರೆ ಅದು ಷಾಕ್ ಅಬ್ಸಾರ್ಬರ್. ಆಘಾತವನ್ನು ಹೀರುವುದು ಇದರ ಕಾರ್ಯವೆಂದು ಹೆಸರು ಸಾರುತ್ತದೆ. ಆದರೆ ಆಘಾತವನ್ನು ತಾಳಿಕೊಳ್ಳುವುದು ಸ್ಪ್ರಿಂಗು. ಚಕ್ರವು ಕಲ್ಲನ್ನೇರಿದಾಗ ಕುಗ್ಗಿ ಶಕ್ತಿಯನ್ನು ತನ್ನಲ್ಲಿ ಅಡಗಿಸಿಕೊಳ್ಳುವುದೂ, ಮರುಕ್ಷಣವೇ ಹಿಗ್ಗಿ ಅದನ್ನು ಹಿಂದಿರುಗಿಸುವುದೂ ಅದೇ. ಗಾಡಿಯ ಒಡಲು ಇದರಿಂದ ಉಯ್ಯಾಲೆಯಂತೆ ಆಡುತ್ತಲೇ ಇರಬಾರದಷ್ಟೆ? ಆ ಶಕ್ತಿಯನ್ನು ಎಣ್ಣೆಯ ಮೂಲಕ ಶಾಖವಾಗಿ ಮಾರ್ಪಡಿಸಿ ಆಂದೋಲನವನ್ನು ಅಡಗಿಸುವುದು ಈ ಇನ್ನೊಂದು ಅಂಗದ ಕೆಲಸ. ಇಂಗ್ಲೆಂಡಿನ ಇಂಜಿನಿಯರುಗಳು ಇದನ್ನು ಡ್ಯಾಂಪರ್ ಎನ್ನುತ್ತಾರೆ. ನಾವೂ ಇಲ್ಲಿ ಅವಮಂದಕವೆಂದೇ ಕರೆಯುವೆವು.

ಹೆಸರಿನ ವಿಷಯದಲ್ಲಿ ಇಷ್ಟು ಹಟವೇಕೆಂದು ವಾಚಕರು ಕೇಳಬಹುದು. ತಿರುಪಿನಿಂದ ಬಿಗಿ ಸಡಿಲ ಮಾಡಬಹುದಾದ ಅವಮಂದಕಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಅವನ್ನು ಕೊಂಡ ತರುಣರು ತಿರುಪನ್ನು ಕೊನೆಯವರೆಗೆ ತಿರುಗಿಸಿ, ಗಾಡಿಯು ಪಂದ್ಯದ ಗಾಡಿಯಂತೆ ಗಟ್ಟಿಯಾಯಿತೆಂದು ಹಿಗ್ಗುವುದನ್ನು ನಾವು ಕಂಡಿದ್ದೇವೆ. ಈ ಅಭ್ಯಾಸವು ಅಪಾಯಕರವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅದಕ್ಕೆ ಕಾರಣವು ಕಾಲೇಜಿನ ಭೌತವಿಜ್ಞಾನದ ಪಠ್ಯದಲ್ಲಿಯೇ ಇದೆ.

ಗಾಡಿಯ ಒಂದು ಮೂಲೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆ ಮೂಲೆಯ ಸ್ಪ್ರಿಂಗು ಹೊತ್ತಿರುವ ದ್ರವ್ಯರಾಶಿ 300 ಕಿಲೋಗ್ರಾಂ. ಚಕ್ರದ ಬಳಿ ಅಳೆದ ಸ್ಪ್ರಿಂಗಿನ ಬಿರುಸು ಮೀಟರಿಗೆ 20,000 ನ್ಯೂಟನ್, ಎಂದರೆ ಒಂದು ಸೆಂಟಿಮೀಟರು ಕುಗ್ಗಿಸಲು 200 ನ್ಯೂಟನ್ ಬಲ ಬೇಕು. ಸಾಧಾರಣವಾದ ಕಾರಿಗೆ ಈ ಅಂಕೆಗಳು ಒಪ್ಪುತ್ತವೆ. ಅವಮಂದಕವಿಲ್ಲದಿದ್ದರೆ ಈ ಮೂಲೆ ಸೆಕೆಂಡಿಗೆ ಸುಮಾರು 1.3 ಸಲ ಏರಿಳಿಯುತ್ತಿರುತ್ತದೆ. ಅದುಮಿ ಬಿಟ್ಟಾಗ ಒಡಲು ತನ್ನ ನೆಲೆಯನ್ನು ದಾಟದೆ ಆದಷ್ಟು ಬೇಗ ಬಂದು ನಿಲ್ಲುವಂತೆ ಮಾಡುವ ಅವಮಂದನಕ್ಕೆ ಕ್ರಾಂತಿಕ ಅವಮಂದನವೆಂದು ಹೆಸರು. ಬಿರುಸನ್ನು ದ್ರವ್ಯರಾಶಿಯಿಂದ ಗುಣಿಸಿ, ವರ್ಗಮೂಲವನ್ನು ತೆಗೆದು, ಇಮ್ಮಡಿ ಮಾಡಿದರೆ ಅದರ ಬೆಲೆ ಬರುತ್ತದೆ. ನಮ್ಮ ಮೂಲೆಗೆ ಅದು ಸುಮಾರು 4,900. ಸೆಕೆಂಡಿಗೆ ಒಂದು ಮೀಟರು ವೇಗದ ಚಲನೆಯನ್ನು 4,900 ನ್ಯೂಟನ್ ಬಲದಿಂದ ತಡೆಯುವಷ್ಟು.

ರಸ್ತೆಯ ಮೇಲೆ ಇಷ್ಟು ಅವಮಂದನ ಬೇಕಾಗಿಲ್ಲ. ಇದರ ಹತ್ತರಲ್ಲಿ ಮೂರು ಪಾಲಿನ ಆಸುಪಾಸಿನಲ್ಲಿದ್ದರೆ ಸುಖಕ್ಕೂ ಹಿಡಿತಕ್ಕೂ ಹೊಂದುತ್ತದೆ. ಸುಮಾರು 1,470 ಎನ್ನೋಣ. ಆಗ ಹತ್ತು ಸೆಂಟಿಮೀಟರು ಅದುಮಿ ಬಿಟ್ಟ ಒಡಲು ನೆಲೆಯನ್ನು ದಾಟಿ 3.7 ಸೆಂಟಿಮೀಟರು ಮೇಲೇರಿ, ಮತ್ತೆ 1.4 ಸೆಂಟಿಮೀಟರು ಕೆಳಗಿಳಿದು, ಬಹುಮಟ್ಟಿಗೆ ಶಾಂತವಾಗುತ್ತದೆ. ಅವಮಂದಕವು ಸವೆದು ಹತ್ತರಲ್ಲಿ ಒಂದು ಪಾಲಿಗೆ ಇಳಿದಿದ್ದರೆ ಅದೇ ಒಡಲು 7.3, 5.3, 3.9 ಎಂದು ತೂಗುತ್ತಲೇ ಇರುತ್ತದೆ.

ಈಗ ಗಾಡಿಯ ಒಡೆಯನು ಸ್ಪ್ರಿಂಗನ್ನು ಬದಲಿಸಿ 30,000 ನ್ಯೂಟನ್ ಬಿರುಸಿನದನ್ನು ಹಾಕಿದನೆನ್ನೋಣ. ಕ್ರಾಂತಿಕ ಅವಮಂದನ 6,000ಕ್ಕೆ ಏರುತ್ತದೆ. ಹಳೆಯ ಅವಮಂದಕವು ಈಗ ಅದರ ಕಾಲು ಪಾಲಿನಷ್ಟು ಮಾತ್ರ. ಮೊದಲಿನ ಪ್ರಮಾಣವೇ ಬೇಕಿದ್ದರೆ 1,470 ಇದ್ದುದನ್ನು 1,800 ಮಾಡಬೇಕು. ಬಿರುಸು ನೂರಕ್ಕೆ ಐವತ್ತು ಹೆಚ್ಚಿದರೆ ಅವಮಂದನ ಹೆಚ್ಚಬೇಕಾದದ್ದು ನೂರಕ್ಕೆ ಇಪ್ಪತ್ತೆರಡು! ಸ್ಪ್ರಿಂಗು ನಾಲ್ಕು ಪಟ್ಟು ಬಿರುಸಾದರೂ ಅವಮಂದನ ಎರಡು ಪಟ್ಟಾದರೆ ಸಾಕು. ವರ್ಗಮೂಲದ ಮಹಿಮೆ ಇದು. ತಿರುಪನ್ನು ಕೊನೆ ಮುಟ್ಟಿಸಬೇಕೆಂಬ ಆಜ್ಞೆ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಮಿತಿಮೀರಿ ಬಿಗಿ ಮಾಡಿದರೆ ಆಗುವ ಕೇಡೇನು? ಚಕ್ರವು ಕುಳಿಯೊಂದರ ಅಂಚಿಗೆ ಬಂದಾಗ ಸ್ಪ್ರಿಂಗು ಅದನ್ನು ಕೆಳಕ್ಕೆ ಒತ್ತಿ ನೆಲಕ್ಕೆ ತಾಕಿಸಬೇಕು. ಅವಮಂದಕವು ಹಿಗ್ಗುವಾಗ ಅತಿಯಾಗಿ ತಡೆದರೆ ಚಕ್ರ ಇಳಿಯುವ ಮೊದಲೇ ಮುಂದಿನ ದಿಬ್ಬ ಬಂದುಬಿಡುತ್ತದೆ. ಹೀಗೆ ಉಬ್ಬಿನ ಮೇಲೆ ಉಬ್ಬು ಬಂದಂತೆಲ್ಲ ಗಾಡಿ ಕುಸಿಯುತ್ತ, ಕಡೆಗೆ ತಡೆರಬ್ಬರಿನ ಮೇಲೆ ಕೂರುತ್ತದೆ. ಬ್ರೇಕಿಗಾಗಲಿ ಸ್ಟಿಯರಿಂಗಿಗಾಗಲಿ ಇರುವ ಆಸರೆಯು ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವ ಅಂಗೈಯಗಲದ ಜಾಗ. ಆ ಜಾಗದ ಮೇಲಿನ ಒತ್ತಡವು ಇಲ್ಲವಾದ ಕ್ಷಣದಲ್ಲಿ ಮಗುವೊಂದು ರಸ್ತೆಗೆ ಅಡ್ಡ ಬಂದರೆ, ಬ್ರೇಕನ್ನು ಎಷ್ಟು ಬಲವಾಗಿ ತುಳಿದೇನು ಫಲ? ತೀರ ಸಡಿಲವಾದ ಅವಮಂದಕವೂ ನಿರಪಾಯವಲ್ಲ. ಆಗ ಚಕ್ರವೇ ಟೈರಿನ ಪುಟಿತದಿಂದ ಸೆಕೆಂಡಿಗೆ ಹತ್ತು ಹನ್ನೆರಡು ಸಲ ಕುಪ್ಪಳಿಸತೊಡಗುತ್ತದೆ.

ತಿರುವಿನಲ್ಲಿ ಗಾಡಿ ವಾಲುವುದನ್ನು ತಪ್ಪಿಸಲು ಬಿಗಿ ಮಾಡಿದೆವೆಂದು ಕೆಲವರು ವಾದಿಸುವುದುಂಟು. ಅವಮಂದಕದ ಬಲ ಚಲನೆಯ ವೇಗವನ್ನು ಅವಲಂಬಿಸಿದೆ. ಚಲನೆ ನಿಂತರೆ ಬಲವೂ ಇಲ್ಲ. ಆದುದರಿಂದ ಉದ್ದನೆಯ ತಿರುವಿನಲ್ಲಿ ಗಾಡಿ ಎಷ್ಟು ವಾಲಬೇಕೆಂಬುದನ್ನು ಸ್ಪ್ರಿಂಗುಗಳೂ ವಾಲುತಡೆಯ ಸರಳೂ ನಿರ್ಧರಿಸುತ್ತವೆ. ಎಷ್ಟು ಬೇಗ ವಾಲಬೇಕೆಂಬಷ್ಟೇ ಅವಮಂದಕದ ವಶ. ಸ್ಪ್ರಿಂಗು ಮಾಡಬೇಕಾದ ಕೆಲಸವನ್ನು ಇದರ ಮೇಲೆ ಹೊರಿಸುವುದು ನ್ಯಾಯವಲ್ಲ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಕ್ಯಾಡಿಲಾಕ್ ಕಾರುಗಳ ಮೇಲೆ ದುಡಿದ ಮಾರಿಸ್ ಆಲಿ ಎಂಬ ಇಂಜಿನಿಯರು, ಮುಂದಣ ಸ್ಪ್ರಿಂಗುಗಳ ಆಂದೋಲನವು ಹಿಂದಿನವಕ್ಕಿಂತ ನಿಧಾನವಾಗಿದ್ದರೆ ಸವಾರಿ ಸಮವಾಗುತ್ತದೆಂದು 1930ರ ದಶಕದಲ್ಲಿಯೇ ತೋರಿಸಿಕೊಟ್ಟನು. ಮೊದಲು ಸ್ಪ್ರಿಂಗುಗಳನ್ನು ಸರಿಮಾಡಿಕೊಳ್ಳಬೇಕು. ಅವಮಂದಕದ ಸರದಿ ಆಮೇಲಿನದು.

ತಿರುಪನ್ನು ಇಟ್ಟ ಉದ್ದೇಶವಾದರೂ ಏನು? ನೆದರ್ಲೆಂಡ್ಸಿನ ಕೋನಿ ಸಂಸ್ಥೆಯನ್ನೇ ನೋಡಿರಿ. 1857ರಲ್ಲಿ ಕುದುರೆಗಳ ಸಜ್ಜು ಮಾಡುತ್ತ ಆರಂಭವಾದ ಈ ಸಂಸ್ಥೆಯ ಹಳೆಯ ಮಾದರಿಯ ಅವಮಂದಕವನ್ನು ಹೊಂದಿಸಲು ಗಾಡಿಯಿಂದ ಕಳಚಿ, ನೆಟ್ಟಗೆ ನಿಲ್ಲಿಸಿ, ಪೂರ್ತಿ ಕುಗ್ಗಿಸಿ, ಒಳಗಿನ ಹಲ್ಲು ತಳದ ಕವಾಟಕ್ಕೆ ಕಚ್ಚುವವರೆಗೆ ಮೆಲ್ಲನೆ ತಿರುಗಿಸಬೇಕು. ಅದು ಬದಲಾಯಿಸುವುದು ಹಿಗ್ಗುವಾಗಿನ ತಡೆಯನ್ನು ಮಾತ್ರ. ಕುಗ್ಗುವಾಗಿನ ತಡೆ ಇದ್ದಂತೆಯೇ ಇರುತ್ತದೆ. ಇದು ವಿವೇಕದ ಏರ್ಪಾಡು. ಕುಗ್ಗುವಾಗ ತಡೆ ಹೆಚ್ಚಿದ್ದರೆ ಕಲ್ಲಿನ ಪೆಟ್ಟು ನೇರವಾಗಿ ಒಡಲಿಗೆ ಮುಟ್ಟುತ್ತದೆ. ಸ್ಪ್ರಿಂಗು ಕೂಡಿಟ್ಟ ಶಕ್ತಿಯನ್ನು ಕರಗಿಸುವ ಸಮಯವು ಹಿಗ್ಗುವ ಹೊತ್ತು. ಮೇಲಿನ ಲೆಕ್ಕದ ಅಂಕೆಗಳು ಈ ಎರಡರ ಸರಾಸರಿ ಎಂಬುದನ್ನು ನೆನಪಿಡಬೇಕು. ಸವೆತವನ್ನು ತುಂಬಿಕೊಡಲು, ಬಿರುಸಾದ ಸ್ಪ್ರಿಂಗಿಗೆ ಹೊಂದಿಸಲು ಇಂಥ ತಿರುಪು ಇರುವುದು.

ಆದುದರಿಂದ ಅತ್ಯಂತ ಸಡಿಲವಾದ ನೆಲೆಯಿಂದ ಆರಂಭಿಸತಕ್ಕದ್ದು. ಪರಿಚಿತವಾದ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಟೈರಿನ ಗಾಳಿಯನ್ನು ಬದಲಿಸದೆ ಓಡಿಸಬೇಕು. ದಿಬ್ಬ ದಾಟಿದ ಮೇಲೆ ಒಡಲು ಎರಡನೆಯ ಸಲ ತೂಗಿದರೆ ಅರ್ಧ ಸುತ್ತು ಹೆಚ್ಚಿಸಿ, ಮತ್ತೆ ನೋಡಬೇಕು. ತೂಗಾಟ ಅಡಗಿದ ಮೊದಲ ನೆಲೆಯಲ್ಲಿಯೇ ನಿಲ್ಲಿಸಬೇಕು. ನಿಂತ ಗಾಡಿಯ ಮೂಲೆಯನ್ನು ಕೈಯಿಂದ ಅದುಮಿ ನೋಡುವ ಪರೀಕ್ಷೆಯನ್ನು ನಾವು ಹೆಚ್ಚು ನೆಚ್ಚುವುದಿಲ್ಲ. ಪೂರ್ತಿ ಕೆಟ್ಟುಹೋದ ಅವಮಂದಕವನ್ನು ಅದು ಹಿಡಿದುಕೊಟ್ಟೀತು, ಅಷ್ಟೇ. ಒಂದೇ ಅಚ್ಚಿನ ಎಡಬಲಗಳಿಗೆ ಒಂದೇ ಸುತ್ತು, ಮತ್ತು ಆ ಸುತ್ತುಗಳ ಲೆಕ್ಕ ಪುಸ್ತಕದಲ್ಲಿ.

ಗಾಡಿಯ ಹೊರೆಯೂ ಲೆಕ್ಕಕ್ಕೆ ಸೇರುತ್ತದೆ. 300 ಇದ್ದ ದ್ರವ್ಯರಾಶಿ 400 ಆದರೆ ನಮ್ಮ ಮೊದಲಿನ ಉದಾಹರಣೆಯ 0.30 ಪ್ರಮಾಣವು 0.26ಕ್ಕೆ ಇಳಿಯುತ್ತದೆ. 1930ರ ದಶಕದ ಬೆಂಟ್ಲಿ ಕಾರುಗಳಲ್ಲಿ ಚಾಲಕನು ಸ್ಟಿಯರಿಂಗ್ ಚಕ್ರದ ನಡುವಣ ಸನ್ನೆಯಿಂದ ಇದನ್ನು ಸರಿಪಡಿಸಿಕೊಳ್ಳಬಹುದಾಗಿತ್ತು. 2002ರಲ್ಲಿ ಕ್ಯಾಡಿಲಾಕ್ ಕಾರೊಂದರಲ್ಲಿ ಬಂದ ಅವಮಂದಕವು, ಕಬ್ಬಿಣದ ಕಣಗಳುಳ್ಳ ಎಣ್ಣೆಯನ್ನು ಕಾಂತಕ್ಷೇತ್ರದಿಂದ ಗಟ್ಟಿಮಾಡಿ ಅದನ್ನೇ ತಾನಾಗಿ ಮಾಡುತ್ತದೆ. ತಿರುಪನ್ನು ಮಾತ್ರ ಉಳ್ಳವರು, ಗಾಡಿಯಲ್ಲಿ ದಿನವೂ ಎಷ್ಟು ಮಂದಿ ಕೂರುವರೋ ಅಷ್ಟು ಮಂದಿಯನ್ನು ಕೂರಿಸಿಕೊಂಡೇ ಈ ಪರೀಕ್ಷೆಯನ್ನು ನಡೆಸುವುದು ಒಳ್ಳೆಯದು.