ಊರು ಅನಾಥ ಶಿಶುವಲ್ಲ

ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಶನಿವಾರ ರಾತ್ರಿ ಎಂಟೂವರೆಯಾದಾಗ ಕರ್ನಾಟಕದಲ್ಲಿ ಭಾನುವಾರ ಬೆಳಗಿನ ಒಂಬತ್ತು ಗಂಟೆ. ಅನಿವಾಸಿ ಕನ್ನಡಿಗರ ಗ್ರಾಮಾಭಿವೃದ್ಧಿ ತಂಡಗಳ ಆನ್‌ಲೈನ್ ಸಭೆಗೆ ಇದು ಹೇಳಿ ಮಾಡಿಸಿದ ಹೊತ್ತು. ಊಟ ಮುಗಿದಿರುತ್ತದೆ, ಮಕ್ಕಳು ಮಲಗಲು ಹೊರಟಿರುತ್ತಾರೆ, ಪರದೆಯ ಮೇಲೆ ಸ್ಯಾನ್ ಹೋಸೆ, ಸಿಯಾಟಲ್‌ಗಳ ಚೌಕಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮೆಲ್ಬರ್ನಿನವರು ಮಧ್ಯಾಹ್ನದ ಊಟ ಮುಗಿಸಿ ಬಂದಿರುತ್ತಾರೆ. ಲಂಡನ್ನಿನಿಂದ ನಸುಕಿನಲ್ಲೇ ಎದ್ದು ಕುಳಿತ ಉತ್ಸಾಹಿಯೊಬ್ಬರೂ ಇರುತ್ತಾರೆ. ಕೊನೆಯ ಚೌಕದಲ್ಲಿ 'ಊರು' ಇರುತ್ತದೆ. ಊರೆಂದರೆ ಸಾಮಾನ್ಯವಾಗಿ ತಂಡದ ಸದಸ್ಯರೊಬ್ಬರ ಚಿಕ್ಕಪ್ಪನ ಮಗ, ಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಒಳ್ಳೆಯ ಮೊಬೈಲ್ ಉಳ್ಳ ಒಬ್ಬ ಯುವಕ. ಆ ಹೊತ್ತಿನಲ್ಲಿ ಕೂಲಿಯ ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ, ಏಕೆಂದರೆ ಕಳೆಗೆ ಭಾನುವಾರವಿಲ್ಲ. ಕೇರಿಯ ಹುಡುಗರು ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿರುತ್ತಾರೆ. ಸಭೆ ಶುರುವಾಗುವ ಮೊದಲೇ ಊರಿನ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗುಳಿದಿರುತ್ತದೆ. ಅವರನ್ನು ಯಾರೂ ಹೊರಗೆ ಹಾಕಿದ್ದಲ್ಲ. ಗಡಿಯಾರ ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿರುತ್ತದೆ.

ಈ ಸಭೆಗಳ ಪರಿಭಾಷೆಯಲ್ಲಿ ಪ್ರತಿಷ್ಠಿತವಾದ ಪದವೊಂದಿದೆ: ದತ್ತು. ಶಾಲೆಯನ್ನು ದತ್ತು ತೆಗೆದುಕೊಳ್ಳುವುದು, ಕೆರೆಯನ್ನು ದತ್ತು ತೆಗೆದುಕೊಳ್ಳುವುದು, ಕಡೆಗೆ ಊರನ್ನೇ ದತ್ತು ತೆಗೆದುಕೊಳ್ಳುವುದು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸಂಸದ ಆದರ್ಶ ಗ್ರಾಮ ಯೋಜನೆಯನ್ನು ಆರಂಭಿಸಿದಾಗ ಚಲಾವಣೆಗೆ ಬಂದದ್ದೂ ಇದೇ ಪದ. ಆಳುವವರ ಬಾಯಲ್ಲಿ ಈ ಮಾತು ಬಂದರೆ ಅಚ್ಚರಿಯಿಲ್ಲ. ಪ್ರಗತಿಪರರೆಂದು ತಮ್ಮನ್ನು ಕರೆದುಕೊಳ್ಳುವವರ ಬಾಯಲ್ಲಿಯೂ ಅದೇ ಮಾತು ಸಲೀಸಾಗಿ ಹೊರಳುತ್ತಿರುವುದು ಮಾತ್ರ ಯೋಚಿಸಬೇಕಾದ ಸಂಗತಿ. ದತ್ತು ಹೋದ ಮಗು ಹೆತ್ತವರ ಹೆಸರು ಬಿಟ್ಟು ಸಾಕಿದವರ ಹೆಸರು ಹೊರುತ್ತದೆ. ಶಾಲೆಯ ಗೇಟಿನ ಮೇಲೆ ದಾನಿಗಳ ಹೆಸರಿನ ಫಲಕ ಏರುವಾಗ ನಡೆಯುವುದೂ ಅದೇ. ಆದರೆ ಆ ಶಾಲೆಗೆ ಹೆತ್ತವರಿದ್ದಾರೆ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಮಕ್ಕಳ ತಂದೆತಾಯಿಗಳೇ ಸದಸ್ಯರು, ಅವರಲ್ಲೊಬ್ಬರೇ ಅಧ್ಯಕ್ಷರು. ಎಷ್ಟು ತಂಡಗಳ ಸಭೆಗೆ ಆ ಅಧ್ಯಕ್ಷೆಯನ್ನು ಕರೆಯಲಾಗಿದೆ? ಆಕೆಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಉತ್ತರವಾಗಲಾರದು. ಸಭೆ ನಡೆಸುವವರು ಕನ್ನಡಿಗರು; ನವೆಂಬರ್ ಬಂದರೆ ಕನ್ನಡ ಬಾವುಟ ಹಿಡಿದು ಮೆರವಣಿಗೆ ಮಾಡುವವರು.

ದೂರದಿಂದ ನೀಡಲು ಸುಲಭವಾದದ್ದನ್ನು ನೀಡಲಾಗುತ್ತದೆ, ಊರಿಗೆ ಬೇಕಾದದ್ದನ್ನಲ್ಲ. ಸ್ಮಾರ್ಟ್ ಬೋರ್ಡ್, ಟ್ಯಾಬ್ಲೆಟ್, ಬಣ್ಣ ಬಳಿದ ಗೋಡೆ ಮತ್ತು ವಾರಕ್ಕೊಂದು ಗಂಟೆ ಸಾಗರದಾಚೆಯಿಂದ ಇಂಗ್ಲಿಷ್ ಪಾಠ. ಇವೆಲ್ಲ ಕೆಟ್ಟವೆಂದು ಯಾರೂ ಹೇಳಲಾರರು. ಆದರೆ ಶಿಕ್ಷಕರಿಲ್ಲದ ತರಗತಿಯಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳುವ ಸ್ವಯಂಸೇವಕ ಒಂದು ಖಾಲಿ ಜಾಗವನ್ನು ಮುಚ್ಚಿಡುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಯಾವುದೇ ಶಾಲೆಯಲ್ಲಿ ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ ಶೇಕಡ 10ಕ್ಕಿಂತ ಹೆಚ್ಚು ಖಾಲಿ ಇರುವಂತಿಲ್ಲ. ಖಾಲಿ ಹುದ್ದೆ ಎಂಬುದು ಕೊರತೆಯಲ್ಲ, ಕಾನೂನಿನ ಉಲ್ಲಂಘನೆ. ತಾಯಿಯೊಬ್ಬಳು ಸಮಿತಿಯಲ್ಲಿ ಎದ್ದು ನಿಂತು ಕೇಳಬಹುದಾದ, ಬೇಕಾದರೆ ನ್ಯಾಯಾಲಯದವರೆಗೆ ಒಯ್ಯಬಹುದಾದ ಪ್ರಶ್ನೆ. ಅದೇ ಕೊಠಡಿಯಲ್ಲಿ ಅಮೆರಿಕದಿಂದ ಪಾಠ ನಡೆಯುತ್ತಿದ್ದರೆ ಆ ಪ್ರಶ್ನೆಗೆ ಅಧಿಕಾರಿ ಮುಗುಳ್ನಕ್ಕು ಉತ್ತರಿಸುತ್ತಾನೆ: ನಿಮಗೇನು ಕಡಿಮೆಯಾಗಿದೆ, ವಿದೇಶದವರೇ ಕಲಿಸುತ್ತಿದ್ದಾರಲ್ಲ!

ನೀರಿನ ಮಾತು ಇನ್ನೂ ಗಂಭೀರ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದುಗಟ್ಟಿದ, ಮೂಳೆ ಬಾಗಿದ ಜನರ ತಲೆಮಾರುಗಳೇ ಅಲ್ಲಿವೆ. ದಾನಿಗಳು ಶುದ್ಧ ನೀರಿನ ಘಟಕ ಕೊಡಿಸುತ್ತಾರೆ. ಘಟಕಕ್ಕೆ ಜಾಗ ಬೇಕು. ಜಾಗವುಳ್ಳವರು ಊರಿನ ಯಜಮಾನರು, ಹಾಗಾಗಿ ಅದು ಅವರ ಮನೆಯ ಮಗ್ಗುಲಿಗೋ ದೇವಸ್ಥಾನದ ಅಂಗಳಕ್ಕೋ ಬಂದು ನಿಲ್ಲುತ್ತದೆ. ಕೇರಿಯಿಂದ ಕೊಡ ಹಿಡಿದು ಬರುವ ಹೆಂಗಸು ಆ ಅಂಗಳವನ್ನು ತುಳಿಯಬಹುದೇ ಎಂಬ ಪ್ರಶ್ನೆ ಯೋಜನಾ ವರದಿಯ ಯಾವ ಕಲಮಿನಲ್ಲಿಯೂ ಇರುವುದಿಲ್ಲ. ಕನ್ನಡದಲ್ಲಿ ಊರು ಬೇರೆ, ಕೇರಿ ಬೇರೆ. ಈ ಎರಡು ಪದಗಳ ನಡುವಿನ ದೂರವನ್ನು ಎಳೆಯ ವಯಸ್ಸಿನಲ್ಲೇ ಕಂಡು ಬೆಳೆದವರು ವಿಮಾನ ಹತ್ತಿದ ಮೇಲೆ 'ಗ್ರಾಮ ಸಮುದಾಯ' ಎಂಬ ಒಂದೇ ಪದದಲ್ಲಿ ಎರಡನ್ನೂ ಕಟ್ಟಿಹಾಕುವುದು ಮರೆವೋ ಅನುಕೂಲವೋ ಹೇಳುವುದು ಕಷ್ಟ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಬಗೆಗಿನ ಭಾವುಕತೆಯನ್ನು ಕಟುವಾಗಿ ತಿರಸ್ಕರಿಸಿದ್ದು ಇದೇ ಕಾರಣಕ್ಕೆ. ಘಟಕ ನಿಂತ ಮೇಲಿನ ಕತೆ ಬೇರೆಯೇ. ವಿದ್ಯುತ್ ಬಿಲ್ಲು ಯಾರದು, ಪೊರೆ ಹಾಳಾದರೆ ಬದಲಿಸುವವರು ಯಾರು, ಶುದ್ಧೀಕರಣದಲ್ಲಿ ಹೊರಬೀಳುವ ಗಡುಸು ನೀರು ಎಲ್ಲಿಗೆ ಹರಿಯಬೇಕು? ಉದ್ಘಾಟನೆಯ ವಿಡಿಯೊ ಹರಿದಾಡಿ ತಣ್ಣಗಾಗುವ ಹೊತ್ತಿಗೆ ಈ ಪ್ರಶ್ನೆಗಳು ಪಂಚಾಯಿತಿಯ ಬಾಗಿಲಿಗೆ ಬಂದಿರುತ್ತವೆ. ಮೊದಲು ಕೇಳದಿದ್ದ ಪಂಚಾಯಿತಿ ಆಗ ನೆನಪಾಗುತ್ತದೆ.

ಸ್ವಯಂಸೇವಕರ ಸಿದ್ಧ ಉತ್ತರವೊಂದಿದೆ: ಪಂಚಾಯಿತಿ ಭ್ರಷ್ಟ, ಅಲ್ಲಿ ಕಾಲಿಟ್ಟರೆ ಕೆಲಸ ಕೆಡುತ್ತದೆ, ನೇರವಾಗಿ ಜನರಿಗೇ ತಲುಪಿಸೋಣ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಮಿಷನ್ ಇಲ್ಲದೆ ಬಿಲ್ಲು ಸಾಗದ ಪಂಚಾಯಿತಿಗಳನ್ನು ಹಳ್ಳಿಯವರೇ ಬೈಯುತ್ತಾರೆ. ಆದರೆ ಮಧ್ಯದಲ್ಲಿ ಯಾರೂ ಇಲ್ಲದ 'ನೇರ' ಎಂಬುದು ಹಳ್ಳಿಯಲ್ಲಿ ಎಲ್ಲೂ ಇಲ್ಲ. ಪಂಚಾಯಿತಿಯನ್ನು ಬಿಟ್ಟು ಹೋದ ಹಣ ಚಿಕ್ಕಪ್ಪನ ಮಗನ ಕೈಗೆ ಹೋಗುತ್ತದೆ. ಆತ ಪ್ರಾಮಾಣಿಕನೇ ಇರಬಹುದು, ಆದರೆ ಅವನನ್ನು ಯಾರೂ ಆರಿಸಿಲ್ಲ, ಯಾರೂ ಇಳಿಸಲಾರರು, ಅವನ ಲೆಕ್ಕವನ್ನು ಜಮಾಬಂದಿಯಲ್ಲಿ ಓದಿ ಹೇಳಬೇಕೆಂಬ ನಿಯಮವಿಲ್ಲ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ದಲಿತರಿಗೆ, ಆದಿವಾಸಿಗಳಿಗೆ ಜನಸಂಖ್ಯೆಗನುಗುಣವಾದ ಸ್ಥಾನಗಳಿವೆ. ಎಷ್ಟೇ ಹುಳುಕಿದ್ದರೂ ಊರಿನಲ್ಲಿ ಕೇರಿಯ ಹೆಣ್ಣುಮಗಳು ಹಕ್ಕಿನಿಂದ ಕುರ್ಚಿಯ ಮೇಲೆ ಕೂರಬಹುದಾದ ಜಾಗ ಅದೊಂದೇ. ಆನ್‌ಲೈನ್ ತಂಡ ಅದನ್ನು ದಾಟಿ ಹೋದಾಗ ದಾಟಿ ಹೋದದ್ದು ಭ್ರಷ್ಟಾಚಾರವನ್ನು ಮಾತ್ರವಲ್ಲ, ಆಕೆಯನ್ನೂ.

ಈ ಕುರ್ಚಿ ತಾನಾಗಿ ಬಂದದ್ದಲ್ಲ. ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಬರಗಾಲದ ದಿನಗಳಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರು ಸಾಬ'ರಾದರು. ಜನ ಕೃತಜ್ಞತೆಯಿಂದ ನೆನೆಯುವುದು ಅದನ್ನೇ. ಆದರೆ ಅದೇ ಮನುಷ್ಯ 1983ರ ಪಂಚಾಯತ್ ಕಾನೂನಿನ ಹಿಂದೆ ನಿಂತು, 1987ರ ಜನವರಿಯ ಚುನಾವಣೆಯ ತನಕ ಅದನ್ನು ಎಳೆದು ತಂದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ, ಮಹಿಳೆಯರಿಗೆ ಶೇಕಡ 25 ಮೀಸಲಾತಿ. ದೇಶ 73ನೆಯ ತಿದ್ದುಪಡಿಯನ್ನು ಕಾಣುವುದಕ್ಕೆ ಇನ್ನೂ ಐದಾರು ವರ್ಷ ಬಾಕಿಯಿತ್ತು. ನೀರು ಕೊಡುವ ಮಂತ್ರಿ ನೀರು ಕೊಟ್ಟು ಸುಮ್ಮನಿರಬಹುದಿತ್ತು. ಮತ್ತೆ ಮತ್ತೆ ಗೆಲ್ಲುವುದಕ್ಕೆ ಅಷ್ಟು ಸಾಕಿತ್ತು. ಕೊಳವೆಬಾವಿ ಕೆಟ್ಟಾಗ ಜನ ವಿಧಾನಸೌಧದ ಕಡೆ ನೋಡುವ ಬದಲು ತಮ್ಮೂರಿನಲ್ಲೇ ಯಾರನ್ನೋ ಹಿಡಿದು ಕೇಳುವಂತಾಗಬೇಕೆಂಬುದು ಆ ಕಾನೂನಿನ ಹುರುಳು. ಅನಿವಾಸಿ ಗ್ರಾಮಾಭಿವೃದ್ಧಿ ನಜೀರ್ ಸಾಬರ ಕೊಳವೆಬಾವಿಯನ್ನು ಹಿಡಿದುಕೊಂಡು ಕಾನೂನನ್ನು ಕೈಬಿಟ್ಟಿದೆ.

ಅನಿವಾಸಿಗಳ ಕಣ್ಣು ತೇವಗೊಳಿಸಿದ 2004ರ ಹಿಂದಿ ಚಿತ್ರ 'ಸ್ವದೇಸ್' ಇಲ್ಲಿ ನೆನಪಾಗದಿರದು. ನಾಸಾದ ವಿಜ್ಞಾನಿ ಊರಿಗೆ ಬಂದು ಝರಿಯ ನೀರಿನಿಂದ ದೀಪ ಹಚ್ಚುತ್ತಾನೆ, ಮುದುಕಿಯೊಬ್ಬಳ ಮುಖ ಬೆಳಗುತ್ತದೆ. ಇದಕ್ಕೆ ಪ್ರೇರಣೆಯಾದ ಊರು ನರ್ಮದಾ ಕಣಿವೆಯ ಬಿಲಗಾಂವ್. ಅಲ್ಲಿನ ಆದಿವಾಸಿಗಳು ತಾವೇ ಶ್ರಮದಾನ ಮಾಡಿ, ಹೊರಗಿನ ತಂತ್ರಜ್ಞರ ಮತ್ತು ಅಮೆರಿಕದಲ್ಲಿ ಹುಟ್ಟಿದ ಸ್ವಯಂಸೇವಾ ಸಂಘಟನೆಯೊಂದರ ನೆರವು ಪಡೆದು 2003ರಲ್ಲಿ ಕಿರು ಜಲವಿದ್ಯುತ್ ಘಟಕ ಕಟ್ಟಿಕೊಂಡರು. ಚಿತ್ರ ಹೇಳದ ಮಾತೆಂದರೆ, ಬಿಲಗಾಂವ್ ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ಹೋರಾಡುತ್ತಿದ್ದ ಊರು. ಅಣೆಕಟ್ಟಿನ ಎತ್ತರ ಏರುತ್ತಲೇ ಹೋಯಿತು. 2006ರ ಮಳೆಗಾಲದಲ್ಲಿ ಆ ಘಟಕ ನೀರಿನಲ್ಲಿ ಮುಳುಗಿತು. ಯಂತ್ರದಲ್ಲಿ ದೋಷವಿರಲಿಲ್ಲ, ಜನರಲ್ಲಿ ಒಗ್ಗಟ್ಟಿನ ಕೊರತೆಯಿರಲಿಲ್ಲ. ನದಿಯ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಅವರಿಗಿರಲಿಲ್ಲ, ಅಷ್ಟೆ. ಅಲ್ಲಿಗೆ ಹೋದ ಸ್ವಯಂಸೇವಕರು ಇದನ್ನು ಬಲ್ಲವರಾಗಿದ್ದರು, ಹೋರಾಟದ ಜೊತೆಗೂ ನಿಂತರು. ಚಿತ್ರ ನೋಡಿ ಪ್ರೇರಿತರಾದವರು ಮಾತ್ರ ದೀಪವನ್ನು ಉಳಿಸಿಕೊಂಡು ಅಣೆಕಟ್ಟನ್ನು ಮರೆತರು.

ಮರೆವಿಗೆ ಭಯವೂ ಒಂದು ಕಾರಣ. ಇದನ್ನು ಅಪಹಾಸ್ಯ ಮಾಡುವುದು ತರವಲ್ಲ. ವಿದೇಶಿ ಪೌರತ್ವ ಪಡೆದವರು ಕೊಡುವ ಹಣ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅಡಿ ಬರುತ್ತದೆ. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಖಾತೆಗೆ ಬಂದಿಳಿಯಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಪರಿಣಾಮವಾಗಿ ನೋಂದಣಿ, ಲೆಕ್ಕಪರಿಶೋಧಕರು ಉಳ್ಳ ದೊಡ್ಡ ಸಂಸ್ಥೆ ಉಳಿಯುತ್ತದೆ, ತಾಲ್ಲೂಕು ಮಟ್ಟದ ಸಣ್ಣ ಸಂಘಟನೆ ಸೊರಗುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರದ ಸಂವಿಧಾನ ಸಮಾವೇಶಕ್ಕೆ ಆಹ್ವಾನಿತರಾಗಿ ಬಂದ ಬ್ರಿಟನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಬೆಂಗಳೂರು ವಿಮಾನ ನಿಲ್ದಾಣದಿಂದಲೇ ಮರಳಬೇಕಾಯಿತು. ಮುಂದಿನ ವರ್ಷ ಅವರ ಸಾಗರೋತ್ತರ ನಾಗರಿಕ ಪತ್ರವೂ ರದ್ದಾಯಿತು. ಊರಿನಲ್ಲಿ ವಯಸ್ಸಾದ ತಾಯಿಯಿರುವ ಯಾರಿಗಾದರೂ ಈ ಸುದ್ದಿ ಎದೆ ನಡುಗಿಸುತ್ತದೆ. ಆದರೆ ಭಯವನ್ನು ಭಯವೆಂದು ಕರೆಯಬೇಕು. 'ನಮ್ಮದು ರಾಜಕೀಯವಲ್ಲ, ಸೇವೆ' ಎಂಬ ಹೊದಿಕೆಯಡಿ ಅದನ್ನು ಸದ್ಗುಣವೆಂದು ಮಾರಬಾರದು. ಯಾರಿಗೂ ನೋವಾಗದಂತೆ ಆರಿಸಿಕೊಂಡ ಸ್ಮಾರ್ಟ್ ಬೋರ್ಡ್ ಕೂಡ ಒಂದು ರಾಜಕೀಯ ತೀರ್ಮಾನವೇ.

ದೂರದಲ್ಲಿದ್ದು, ಕಂಪ್ಯೂಟರಿನ ಮುಂದೆ ಕುಳಿತು ಮಾಡಬಹುದಾದ ಕೆಲಸಕ್ಕೇನೂ ಬರವಿಲ್ಲ. ಉದ್ಯೋಗ ಖಾತರಿ ಕಾನೂನಿನಡಿ ಕೂಲಿ 15 ದಿನಗಳೊಳಗೆ ಕೈಸೇರಬೇಕಿತ್ತು. ಇಂಜಿನಿಯರುಗಳು, ಸಮಾಜವಿಜ್ಞಾನಿಗಳು ಸೇರಿದ ಲಿಬ್‌ಟೆಕ್ ಇಂಡಿಯಾ ಎಂಬ ಗುಂಪು 2016-17ರ 90 ಲಕ್ಷಕ್ಕೂ ಹೆಚ್ಚು ಪಾವತಿಗಳನ್ನು ಸರ್ಕಾರದ್ದೇ ಜಾಲತಾಣದಿಂದ ತೆಗೆದು ಜೋಡಿಸಿ ನೋಡಿತು. ಸಕಾಲಕ್ಕೆ ಸಂದದ್ದು ಐದರಲ್ಲಿ ಸುಮಾರು ಒಂದು ಪಾಲು. ಕೇಂದ್ರದ ಮಟ್ಟದಲ್ಲಿ ಆಗುತ್ತಿದ್ದ ವಿಳಂಬವನ್ನು ಪರಿಹಾರದ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಈ ಸಂಗತಿ ಸುಪ್ರೀಂ ಕೋರ್ಟಿಗೆ ಹೋಯಿತು, 2018ರ ತೀರ್ಪು ಸರ್ಕಾರಕ್ಕೆ ಛೀಮಾರಿ ಹಾಕಿತು. ಇಲ್ಲಿ ಯಾರೂ ಯಾವ ಊರನ್ನೂ ದತ್ತು ತೆಗೆದುಕೊಳ್ಳಲಿಲ್ಲ. ಕೂಲಿಕಾರರ ಹಣ ಎಲ್ಲಿ ನಿಂತಿದೆ ಎಂದು ತೋರಿಸಿಕೊಟ್ಟರು. ಕೇಳುವ ಕೆಲಸ ಕೂಲಿಕಾರರ ಸಂಘಟನೆಗಳದ್ದೇ ಆಗಿ ಉಳಿಯಿತು.

ಕರ್ನಾಟಕದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳ ಯೋಜನೆ, ಪಾವತಿಗಳ ವಿವರ ಇಂದು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿದೆ. ಯಾವ ರಸ್ತೆಗೆ ಎಷ್ಟು, ಯಾವ ಚರಂಡಿಗೆ ಎಷ್ಟು ಎಂದು ಹುಡುಕಿ ತೆಗೆಯುವುದು ಸಂಜೆಯ ಹೊತ್ತು ಕೋಡ್ ಬರೆಯುವವರಿಗೆ ಮಕ್ಕಳಾಟ. ಆ ಪಟ್ಟಿಯನ್ನು ಸರಳ ಕನ್ನಡಕ್ಕೆ ತಂದು, ಒಂದು ಹಾಳೆಯಲ್ಲಿ ಅಚ್ಚಾಗುವಂತೆ ಮಾಡಿ, ಸಭೆಗೆ ಮುನ್ನ ಸ್ವಸಹಾಯ ಗುಂಪಿನ ಹೆಂಗಸರ ಕೈಗೆ ತಲುಪಿಸಿದರೆ ಅದು ಯಾವ ಸ್ಮಾರ್ಟ್ ಬೋರ್ಡಿಗಿಂತಲೂ ಹೆಚ್ಚು ಗದ್ದಲ ಎಬ್ಬಿಸುತ್ತದೆ. ಎಚ್ಚರವೊಂದಿದೆ. ಆ ಗದ್ದಲದ ಬೆಲೆ ತೆರುವವರು ಪರದೆಯಾಚೆ ಇರುವವರಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಭಾರತದ ನಾಗರಿಕರೇ ಸಹಿ ಹಾಕಬೇಕು. ಅದನ್ನು ಹಾಕುವವಳು ಊರಿನಲ್ಲಿ ಉಳಿದವಳು, ನಾಳೆ ಅದೇ ಯಜಮಾನನ ಹೊಲಕ್ಕೆ ಕೂಲಿಗೆ ಹೋಗಬೇಕಾದವಳು. ಹಾಗಾಗಿ ಏನು ಕೇಳಬೇಕು, ಯಾವಾಗ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ತೀರ್ಮಾನ ಆಕೆಯದ್ದೇ ಆಗಿರಬೇಕು. ಸ್ವಯಂಸೇವಕ ಆಕೆಯ ಗುಮಾಸ್ತ. ಈ ಪದ ಕಹಿಯಾಗಿ ಕೇಳಿಸುವವರು ದತ್ತು ಎಂಬ ಪದ ತಮಗೇಕೆ ಸಿಹಿಯಾಗಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಸಭೆಯ ಹೊತ್ತು. ಕೂಲಿಯಿಂದ ಮರಳಿ, ಒಲೆ ಹಚ್ಚಿ, ದನಕ್ಕೆ ಹುಲ್ಲು ಹಾಕಿದ ಮೇಲೆ ಕೇರಿಯವರು ಸೇರಬಹುದಾದದ್ದು ಸಂಜೆ ಏಳಕ್ಕೆ. ಆಗ ಲಂಡನ್ನಿನಲ್ಲಿ ಮಧ್ಯಾಹ್ನ ಎರಡೂವರೆ, ನ್ಯೂಜೆರ್ಸಿಯಲ್ಲಿ ಬೆಳಗಿನ ಒಂಬತ್ತೂವರೆ, ಮೆಲ್ಬರ್ನಿನಲ್ಲಿ ರಾತ್ರಿ ಹನ್ನೊಂದೂವರೆ. ಕ್ಯಾಲಿಫೋರ್ನಿಯಾದವರು ಭಾನುವಾರ ಬೆಳಿಗ್ಗೆ ಆರೂವರೆಗೆ ಏಳಬೇಕಾಗುತ್ತದೆ.