ಲಕ್ಕಮ್ಮನವರ ಅಳತೆ ಮತ್ತು ದಾನಿಗಳ ಪಟ್ಟಿ



ಆಯ್ದಕ್ಕಿ ಮಾರಯ್ಯನವರ ಕಾಯಕವನ್ನು ಅರಿಯದ ಸದ್ಭಕ್ತರು ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ಜಂಗಮ ದಾಸೋಹ ನಡೆಸುತ್ತಿದ್ದ ಶರಣರು ಅವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಸ್ವೀಕರಿಸದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರೆಂಬ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಮೇಲಿಂದ ಮೇಲೆ ಕೇಳಿದ್ದೇವೆ. ಅಸಂಗ್ರಹಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು. ಆದರೆ ಒಂದು ಪ್ರಸಾದ ನಿಲಯದ ಲೆಕ್ಕಪತ್ರದ ಸೇವೆಯಲ್ಲಿ ಕೆಲವು ವರ್ಷ ಕಳೆದ ನನಗೆ ಈ ಪ್ರಸಂಗದಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಅಂದಿನ ದಾಸೋಹಕ್ಕೆ ಎಷ್ಟು ಬೇಕೆಂಬುದು ಲಕ್ಕಮ್ಮನವರಿಗೆ ಖಚಿತವಾಗಿ ಗೊತ್ತಿತ್ತು. ಬೇಕಾದುದರ ಅಳತೆ ಇಲ್ಲದವರಿಗೆ ಹೆಚ್ಚಾದುದು ಕಾಣುವುದೇ ಇಲ್ಲ.

ಈ ಮಾತು ಈಗೇಕೆಂದರೆ, ದಾನಿಗಳ ಹಾಗೂ ಪ್ರಾಯೋಜಕರ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯ ಅನೇಕ ಮಠಗಳಲ್ಲಿ, ಮಠಗಳು ನಡೆಸುವ ವಿದ್ಯಾಸಂಸ್ಥೆಗಳಲ್ಲಿ ಸಾಗಿದೆ. ರಸೀದಿ ಬರೆಯುವ ತಂತ್ರಾಂಶ ಹಳೆಯದಾಯಿತು. ಈಗ ಬರುತ್ತಿರುವುದು ಕಾರ್ಯಯೋಜನೆಗಳ ಜಾಡು ಹಿಡಿಯುವ ತಂತ್ರಾಂಶ. ಟ್ರೆಲ್ಲೊ, ರೆಡ್‌ಮೈನ್ ಮುಂತಾದವು ಮೂಲತಃ ಕಚೇರಿಗಳಲ್ಲಿ, ತಂತ್ರಜ್ಞರ ನಡುವೆ ಬಳಕೆಗೆ ಬಂದವು. ಪ್ರತಿಯೊಂದು ಕೆಲಸಕ್ಕೂ ಒಂದು ಚೀಟಿ. ಅದರ ಮೇಲೆ ಕೆಲಸದ ಹೆಸರು, ಹೊಣೆ ಹೊತ್ತವರು, ಮುಗಿಯಬೇಕಾದ ದಿನ. ಕೆಲಸ ಮುಂದುವರಿದಂತೆ ಆ ಚೀಟಿ ಹಲಗೆಯ ಮೇಲೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಯುತ್ತದೆ. ಯಾರು ಯಾವಾಗ ಏನನ್ನು ಬದಲಿಸಿದರು ಎಂಬುದೂ ದಾಖಲಾಗುತ್ತದೆ. ಇವಲ್ಲದೆ ದಾನಸಂಗ್ರಹಕ್ಕೆಂದೇ ರೂಪಿಸಿದ ಸಿವಿಸಿಆರ್‌ಎಂ ಎಂಬ ಮುಕ್ತ ತಂತ್ರಾಂಶವೂ ಇದೆ. ಕಂತುಗಳಲ್ಲಿ ಕೊಡುವೆನೆಂದು ಸಂಕಲ್ಪಿಸಿದವರ ಬಾಕಿಯನ್ನು ಅದು ನೆನಪಿಡುತ್ತದೆ.

ಇದು ಬೇಕೇ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಭಕ್ತಿಯಿಂದ ಕೊಟ್ಟದ್ದಕ್ಕೆ ಅಂಗಡಿಯ ಖಾತೆಯಂತೆ ಲೆಕ್ಕವಿಡುವುದು ಸಲ್ಲದೆಂಬುದು ಅವರ ಭಾವನೆ. ನನ್ನ ಅನುಭವ ಬೇರೆ. ಅದನ್ನು ಸಂಕೋಚದಿಂದಲೇ ಹೇಳುತ್ತೇನೆ.

ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಪತಿಯ ಸ್ಮರಣೆಗಾಗಿ ಪಿಂಚಣಿಯ ಉಳಿತಾಯದಿಂದ 25,000 ರೂಪಾಯಿ ತಂದುಕೊಟ್ಟರು. ಪ್ರಸಾದ ನಿಲಯದ ಮಕ್ಕಳ ಓದುವ ಕೋಣೆಗೆ ಎರಡು ಕಪಾಟು, ಉಳಿದುದರಲ್ಲಿ ಪುಸ್ತಕ ಎಂಬುದು ಅವರ ಅಪೇಕ್ಷೆ. ರಸೀದಿ ಬರೆದವನು ನಾನೇ. ಅಭ್ಯಾಸಬಲದಿಂದ ‘ಸಾಮಾನ್ಯ ನಿಧಿ’ ಎಂದು ಬರೆದೆ. ಮೂರು ವರ್ಷಗಳ ನಂತರ ಅವರು ಮೊಮ್ಮಗನನ್ನು ಕರೆದುಕೊಂಡು ಬಂದು, “ತಮ್ಮಾ, ಕಪಾಟು ಎಲ್ಲಿ ಇಟ್ಟೀರಿ? ಈ ಹುಡುಗಗ ತೋರಸ್ಬೇಕು” ಎಂದರು. ಕಪಾಟು ಎಲ್ಲಿಯೂ ಇರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅಡುಗೆಮನೆಯ ತಗಡು ಹಾರಿಹೋಗಿತ್ತು; ಸಾಮಾನ್ಯ ನಿಧಿಯಲ್ಲಿದ್ದ ಹಣವೆಲ್ಲ ಅದಕ್ಕೆ ಹೋಗಿತ್ತು. ಒಂದು ರೂಪಾಯಿಯೂ ಯಾರ ಜೇಬಿಗೂ ಸೇರಿರಲಿಲ್ಲ. ಲೆಕ್ಕ ಪರಿಶೋಧಕರೂ ತಪ್ಪು ಕಂಡಿರಲಿಲ್ಲ. ಆದರೂ ಆ ತಾಯಿಯ ಮುಂದೆ ತಲೆಯೆತ್ತಲು ನನ್ನಿಂದಾಗಲಿಲ್ಲ. ಹಣ ಎಷ್ಟು ಬಂತೆಂಬುದು ನಮ್ಮ ಖಾತೆಯಲ್ಲಿತ್ತು. ಅದನ್ನು ಪಡೆಯುವಾಗ ನಾವು ಏನನ್ನು ಒಪ್ಪಿಕೊಂಡೆವು ಎಂಬುದು ಎಲ್ಲಿಯೂ ಇರಲಿಲ್ಲ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ಕೊಂಡೆಯರು ದೂರಿತ್ತಾಗ, ಲೆಕ್ಕವನ್ನು ಎಣಿಸಿ ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ಕೇಳಿದ್ದಕ್ಕೆ ಅವರು ಮುನಿಸಿಕೊಂಡರೆಂದು ಅಲ್ಲಿ ಇಲ್ಲ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಪತ್ತನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ನಿಶ್ಚಯಿಸಿ ಕೊಟ್ಟರು. ಇಂಥದ್ದಕ್ಕೆಂದು ಬರೆದಿಟ್ಟುದರಿಂದಲೇ ಆ ದಾನ ಅವರ ಕಾಲವನ್ನು ದಾಟಿ ನಡೆಯಿತು. ಆದ್ದರಿಂದ ಲೆಕ್ಕ ಭಕ್ತಿಗೆ ವಿರೋಧವೆಂಬ ಮಾತನ್ನು ನಾನು ಒಪ್ಪಲಾರೆ.

ನನ್ನ ಆಕ್ಷೇಪವಿರುವುದು ಬೇರೊಂದು ಕಡೆ. ಇಂಥ ತಂತ್ರಾಂಶವನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಕೆಲಸಕ್ಕೆ ಒಂದೊಂದು ಚೀಟಿ ತೆರೆಯುವುದು ಒಂದು ಬಗೆ. ಕೊಡುವ ವ್ಯಕ್ತಿಗೆ ಒಂದೊಂದು ಚೀಟಿ ತೆರೆಯುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ದಾನಿಯ ಹೆಸರಿನ ಮುಂದೆ ಅವರ ಆರ್ಥಿಕ ಶಕ್ತಿ, ಹಿಂದೆ ಕೊಟ್ಟ ಮೊತ್ತ, ಮುಂದೆ ಯಾವಾಗ ಕೇಳಬೇಕು ಎಂಬುದು ಇರುತ್ತದೆ. ಹೆಚ್ಚು ಕೊಡಬಲ್ಲವರಿಗೆ ಒಂದು ಬಣ್ಣ, ಕೊಡುವುದನ್ನು ನಿಲ್ಲಿಸಿದವರಿಗೆ ಇನ್ನೊಂದು ಬಣ್ಣ. ತಂತ್ರಾಂಶ ತೋರಿಸಲು ಬಂದವರು ಇದನ್ನೇ ಅದರ ಹೆಚ್ಚುಗಾರಿಕೆಯೆಂದು ವಿವರಿಸುವುದನ್ನು ನಾನು ಕಂಡಿದ್ದೇನೆ. ದಾಸೋಹವೆಂಬ ಮಾತಿನಲ್ಲಿಯೇ ಕೊಡುವವನು ತಾನು ದಾಸನೆಂದು ಬಾಗುವ ಭಾವವಿದೆ. ಅಂಥವನನ್ನು ಬಣ್ಣ ಹಚ್ಚಿ ಸಾಲಿನಲ್ಲಿ ನಿಲ್ಲಿಸಿದರೆ, ಅವನು ಬಿಟ್ಟುಬಂದ ಅಹಂಕಾರವನ್ನು ನಾವೇ ಅವನ ತಲೆಯ ಮೇಲೆ ಮರಳಿ ಹೊರಿಸಿದಂತೆ. ಪಟ್ಟಿಯ ತಳದಲ್ಲಿ ಬೀಳುವವರ ಗತಿಯಂತೂ ಹೇಳುವುದೇ ಬೇಡ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೆನೆಯಿರಿ. ಮಹಾದಾಸೋಹಕ್ಕಾಗಿ ಸುತ್ತಲಿನ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಊರವರು ಅವನ್ನು ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಬರುತ್ತಾರೆ, ಲಕ್ಷಗಟ್ಟಲೆ ರೊಟ್ಟಿ. ಹತ್ತು ರೊಟ್ಟಿ ಕಳುಹಿಸಿದ ಮನೆಯ ಹೆಸರು ಯಾವ ಪಟ್ಟಿಯಲ್ಲಿ ಬರಬೇಕು? ರೂಪಾಯಿಯ ಕಾಲಂ ಮಾತ್ರವಿರುವ ತಂತ್ರಾಂಶಕ್ಕೆ ಆ ಮನೆ ಕಾಣುವುದೇ ಇಲ್ಲ. ಕೆಲಸಕ್ಕೆ ಚೀಟಿ ತೆರೆದರೆ ‘ರೊಟ್ಟಿ: ಇಷ್ಟು ಬೇಕು, ಇಂಥಿಂಥ ಊರುಗಳಿಂದ ಇಷ್ಟು ಬಂತು’ ಎಂದು ಬರೆಯಬಹುದು. ಜೋಳದ ಚೀಲ, ಬೆಲ್ಲ, ಕಟ್ಟಿಗೆ, ಎರಡು ದಿನ ಬಂದು ಪಾತ್ರೆ ತೊಳೆದವರ ಸೇವೆ, ಎಲ್ಲಕ್ಕೂ ಅಲ್ಲಿ ಸ್ಥಳವಿದೆ.

ಪ್ರಾಯೋಜಕರ ವಿಷಯ ಸ್ವಲ್ಪ ಬೇರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನಾದರೂ ಸಾಮಾಜಿಕ ಕಾರ್ಯಕ್ಕೆ ವೆಚ್ಚ ಮಾಡಬೇಕು. ಅವರು ಕೊಡುವಾಗಲೇ ಇಂಥ ಕಟ್ಟಡ, ಇಷ್ಟು ಅವಧಿ, ಇಂಥ ವರದಿ ಎಂದು ಕೇಳುತ್ತಾರೆ. ಅದರಲ್ಲಿ ಬೇಸರಿಸಲು ಏನೂ ಇಲ್ಲ. ನಿಜ ಹೇಳಬೇಕೆಂದರೆ, ಕೊಟ್ಟದ್ದು ಏನಾಯಿತೆಂದು ಕೇಳಲು ಕಂಪನಿಗೆ ಇರುವ ಧೈರ್ಯ ನಮ್ಮ ಬಡ ಭಕ್ತರಿಗಿಲ್ಲ. ಅವರು ಕೇಳದಿದ್ದರೂ ಅದೇ ವರದಿ ಅವರಿಗೂ ತಲುಪಬೇಕು ಎಂಬುದಷ್ಟೇ ನನ್ನ ವಿನಂತಿ. ನಾಮಫಲಕದ ಅಳತೆ ಮೊತ್ತದ ಮೇಲೆ ನಿರ್ಧಾರವಾಗಬಹುದು; ಉತ್ತರ ಕೊಡುವ ಹೊಣೆ ಹಾಗೆ ನಿರ್ಧಾರವಾಗಬಾರದು.

ಕಾನೂನಿನ ಕಾರಣದಿಂದಲೂ ದಾನಿಗಳ ವಿವರ ಇಡದೆ ಗತ್ಯಂತರವಿಲ್ಲ. 2017-18ನೆಯ ಆರ್ಥಿಕ ವರ್ಷದಿಂದ 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ರಿಯಾಯಿತಿ ಇಲ್ಲವಾಯಿತು. 2021-22ರಿಂದ, ರಿಯಾಯಿತಿಯ ಮಾನ್ಯತೆ ಪಡೆದ ಸಂಸ್ಥೆಗಳು ದಾನಿಗಳ ವಿವರವನ್ನು ವರ್ಷಕ್ಕೊಮ್ಮೆ ಆದಾಯ ತೆರಿಗೆ ಇಲಾಖೆಗೆ ಒಪ್ಪಿಸುವ ನಿಯಮ ಬಂದಿತು. ಇದು ಲೆಕ್ಕಿಗರ ಖಾತೆಯ ವಿಷಯ. ಆ ವಿವರಗಳು ಅಲ್ಲಿಯೇ ಬೀಗದೊಳಗಿರಲಿ. ಎಲ್ಲ ಸ್ವಯಂಸೇವಕರ ಮೊಬೈಲಿನಲ್ಲಿ ಯಾರು ಎಷ್ಟು ಕೊಟ್ಟರೆಂಬುದು ಹರಿದಾಡಬೇಕಾಗಿಲ್ಲ.

ಇನ್ನೊಂದು ಸಣ್ಣ ಮಾತು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಹುಡುಗರು ಜಾತ್ರೆಗೆ ಬಂದಾಗ ಬಲು ಉತ್ಸಾಹದಿಂದ ಇದನ್ನೆಲ್ಲ ಸಿದ್ಧಪಡಿಸಿಕೊಡುತ್ತಾರೆ. ಮರುವರ್ಷ ಅಮೆರಿಕಕ್ಕೆ ಹೋಗುತ್ತಾರೆ. ಪಾಸ್‌ವರ್ಡ್ ಅವರೊಡನೆ ಹೋಗುತ್ತದೆ. ಮಠದಲ್ಲಿ ನಿತ್ಯ ಇರುವ ಇಬ್ಬರಾದರೂ ಇದನ್ನು ಕಾಯಕವೆಂದು ಕಲಿಯದಿದ್ದರೆ ಹಳೆಯ ಕೆಂಪು ಬಟ್ಟೆಯ ಖಾತೆಪುಸ್ತಕವೇ ಮೇಲು.

ಕೊನೆಯದಾಗಿ ಲಕ್ಕಮ್ಮನವರ ಅಳತೆಗೆ ಮರಳುತ್ತೇನೆ. ಕೆಲಸಕ್ಕೆ ತೆರೆದ ಚೀಟಿಯ ಮೇಲೆ ಬೇಕಾದ ಮೊತ್ತವನ್ನು ಮೊದಲೇ ಬರೆದಿರಬೇಕು. ಅದು ತುಂಬಿದ ದಿನ ಆ ಹೆಸರಿನಲ್ಲಿ ಕೇಳುವುದನ್ನು ನಿಲ್ಲಿಸಬೇಕು. ಮೇಲೆ ಬಂದುದನ್ನು ಬೇರೆ ಕಾರ್ಯಕ್ಕೆ ಬಳಸುವ ಮುನ್ನ ಕೊಟ್ಟವರನ್ನು ಒಂದು ಮಾತು ಕೇಳಬೇಕು, ಒಪ್ಪದಿದ್ದರೆ ಮರಳಿಸಬೇಕು. ಬಂದ ಹಣವನ್ನು ಮರಳಿಸುವುದುಂಟೇ ಎಂದು ಸಮಿತಿಯ ಸಭೆಯಲ್ಲಿ ಕೆಲವರು ನಕ್ಕರು. ಬೆಲೆಗಳು ಏರುತ್ತಿರುವಾಗ ಮಿಕ್ಕುದು ನಾಳೆಗೆ ಆಗುತ್ತದಲ್ಲವೇ ಎಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ನೂರಾರು ಮಕ್ಕಳಿಗೆ ಎರಡು ಹೊತ್ತು ಅನ್ನ ನೀಡುವವರಿಗೆ ನಾಳೆಯ ಚಿಂತೆ ಇದ್ದೇ ಇರುತ್ತದೆ. ಹಾಗಿದ್ದರೆ ನಾಳೆಯ ಹೆಸರಿನಲ್ಲಿಯೇ ಒಂದು ಚೀಟಿ ತೆರೆದು ಬಹಿರಂಗವಾಗಿ ಕೇಳೋಣ ಎಂದೆ. ಚರ್ಚೆ ಇನ್ನೂ ಮುಗಿದಿಲ್ಲ.

ನಮ್ಮ ಹಲಗೆಯ ಮೊದಲ ಚೀಟಿ ಆ ಶಿಕ್ಷಕಿಯವರ ಹೆಸರಿನದಲ್ಲ. ‘ಓದುವ ಕೋಣೆ: ಎರಡು ಕಪಾಟು, ಪುಸ್ತಕಗಳು’ ಎಂದು ಅದರ ಮೇಲಿದೆ. ಹೊಣೆ ನನ್ನದು. ಕಪಾಟುಗಳು ಕಳೆದ ಶ್ರಾವಣದಲ್ಲಿ ಬಂದವು. ಪುಸ್ತಕಗಳು ಅರ್ಧದಷ್ಟು ಬರಬೇಕಾಗಿವೆ. ಚೀಟಿ ಇನ್ನೂ ತೆರೆದೇ ಇದೆ.